ಹಿತ್ತಿಲಿಗೆ ಗಿನಿ ಕೋಳಿ ಬೇಕೋ ಬೇಡವೋ

ನಮ್ಮ ಮನೆಯಲ್ಲಿ ಕೋಳಿಗಳ ಬಗ್ಗೆ ಏನಾದರೂ ತೀರ್ಮಾನ ಆಗಬೇಕಾದರೆ, ಕೋಳಿ ಸಾಕುವವಳೊಬ್ಬಳನ್ನು ಬಿಟ್ಟು ಉಳಿದ ಎಲ್ಲರನ್ನೂ ಕೇಳುವುದು ಪದ್ಧತಿ. ಹಾಗಾಗಿ ಇಂಥ ಪ್ರಸಂಗಗಳಿಗೆ ನಮ್ಮಲ್ಲಿ ಬರಗಾಲ ಎಂಬುದಿಲ್ಲ. ಹೇಂಟೆ ಒಂದು ದಿನ ಮೊಟ್ಟೆ ಇಡುವುದನ್ನು ತಪ್ಪಿಸೀತು, ಇದು ತಪ್ಪುವುದಿಲ್ಲ.

ಕೋಳಿ ಸಾಕುವವಳು ನಾನು. ಪುತ್ತೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಬಿಎಸ್ಸಿ ಮುಗಿಸಿ, ಮದುವೆಯಾಗಿ ಕೋಡಿಂಬಾಳಕ್ಕೆ ಬಂದು ಮೂವತ್ತನಾಲ್ಕು ವರ್ಷವಾಯಿತು. ಸುಳ್ಯದ ಕಡೆಯ ನನ್ನ ತವರಿನಿಂದ ಹೊರಡುವಾಗ ಅಮ್ಮ ಒಂದು ಬುಟ್ಟಿಯಲ್ಲಿ ಕಪ್ಪು ಚುಕ್ಕಿಯ ಹೇಂಟೆಯೊಂದನ್ನು ಕೊಟ್ಟಿದ್ದರು. ಈ ಪ್ರಸಂಗ ಶುರುವಾಗುವಾಗ ನಮ್ಮ ಹಿತ್ತಿಲಿನಲ್ಲಿದ್ದ ಇಪ್ಪತ್ತಮೂರು ಕೋಳಿಗಳೂ ಅದರ ಸಂತತಿ. ಇದು ಬಾಯಿಮಾತಲ್ಲ, ಒಂಬತ್ತು ನೋಟ್ ಪುಸ್ತಕಗಳಿವೆ. ಪ್ರತಿ ಕೋಳಿಗೂ ಒಂದು ನಂಬರು. ಯಾವ ಹೇಂಟೆ ಎಂದು ಕಾವಿಗೆ ಕೂತಿತು, ಎಷ್ಟು ಮರಿ ಒಡೆಯಿತು, ಅದರಲ್ಲಿ ಗಿಡುಗನ ಪಾಲೆಷ್ಟು, ಮುಂಗುಸಿಯ ಪಾಲೆಷ್ಟು, ನೆಂಟರ ಪಾಲೆಷ್ಟು, ಎಲ್ಲ ಬರೆದಿದೆ.

ಕಳೆದ ವರ್ಷ ಕಾವಿಗೆ ಕೂತಿದ್ದ ಎರಡು ಹೇಂಟೆಗಳನ್ನು ಹೆಬ್ಬಾವು ನುಂಗಿತು. ಗಿನಿ ಕೋಳಿ ಇದ್ದರೆ ಹಾವು ಕಂಡ ಕೂಡಲೇ ಕಿರುಚಿ ಊರೆಬ್ಬಿಸುತ್ತದೆ, ಹೊಸಬರು ಯಾರು ಬಂದರೂ ಬಿಡುವುದಿಲ್ಲ, ದನದ ಉಣ್ಣಿಯನ್ನೆಲ್ಲ ಹೆಕ್ಕಿ ತಿನ್ನುತ್ತದೆ ಎಂದು ಯಾರೋ ಹೇಳಿದರು. ಹೀಗೆ, ತರಬೇಕೋ ಬೇಡವೋ ಎಂಬ ಪ್ರಶ್ನೆ ಹುಟ್ಟಿತು. ತೋಟದಲ್ಲಿ ಏನು ನೆಡಬೇಕು, ಗೋಡೆಗೆ ಯಾವ ಬಣ್ಣ, ಮಗಳು ಯಾವ ಕಾಲೇಜು, ಯಾವುದರಲ್ಲೂ ಈ ಮನೆಯಲ್ಲಿ ನನ್ನ ಮಾತು ನಡೆದದ್ದಿಲ್ಲ. ಹಿತ್ತಿಲು ಒಂದಾದರೂ ನನ್ನದು ಎಂದುಕೊಂಡಿದ್ದೆ. ಗಿನಿ ಕೋಳಿಯ ತೀರ್ಮಾನವನ್ನು ನಾನೇ ಮಾಡುತ್ತೇನೆ ಎಂದು ಮೊದಲ ದಿನವೇ ಹೇಳಿದ್ದೆ. ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಗಣತಿ

ಆ ದಿನಗಳಲ್ಲೇ ಪಶುವೈದ್ಯರು ಸಾಕುಪ್ರಾಣಿಗಳ ಲೆಕ್ಕ ಬರೆಯಲು ಮನೆಗೆ ಬಂದರು. ನಾನು ಬಾಗಿಲಲ್ಲೇ ನಿಂತಿದ್ದೆ.

"ಯಜಮಾನರು ಉಂಟಾ?" ಎಂದು ಕೇಳಿದರು.

"ಉಂಟು. ಎಂತ ಆಗ್ಬೇಕಿತ್ತು?"

"ಕೋಳಿ ಎಷ್ಟುಂಟು ಅಂತ ಅವರ ಹತ್ತಿರ ಕೇಳ್ಲಿಕ್ಕಿತ್ತು."

ನಮ್ಮ ಯಜಮಾನರು ಎಂದರೆ ನನ್ನ ಗಂಡ. ಹಿತ್ತಿಲಿನ ಮೆಟ್ಟಿಲಿನಿಂದ ಕೆಳಗೆ ಅವರು ಕಾಲಿಟ್ಟದ್ದನ್ನು ಈ ಮೂವತ್ತನಾಲ್ಕು ವರ್ಷದಲ್ಲಿ ನಾನು ಕಂಡದ್ದಿಲ್ಲ. ಚಪ್ಪಲಿಗೆ ಹಿಕ್ಕೆ ಹಿಡಿಯುತ್ತದಂತೆ. ಅವರು ಶಾಲು ಹೊದ್ದು ಚಾವಡಿಗೆ ಬಂದು ಕೂತರು. ವೈದ್ಯರು ಪೆನ್ನು ತೆಗೆದು, "ಹೇಂಟೆ ಎಷ್ಟು ಸಾರ್?" ಎಂದರು.

ಇವರು ವೈದ್ಯರ ಮುಖ ನೋಡಿಕೊಂಡೇ, ಕತ್ತು ಮಾತ್ರ ನನ್ನ ಕಡೆ ಸ್ವಲ್ಪ ವಾಲಿಸಿ, "ಹೇಂಟೆ ಎಷ್ಟು?" ಎಂದರು.

"ಹದಿನೇಳು," ಎಂದೆ.

"ಹದಿನೇಳು," ಎಂದರು ಇವರು ವೈದ್ಯರಿಗೆ. ವೈದ್ಯರು ಬರೆದುಕೊಂಡರು.

"ಹುಂಜ?"

"ಹುಂಜ?"

"ಆರು."

"ಆರು."

"ಲಸಿಕೆ ಯಾವಾಗ ಕೊಟ್ಟದ್ದು?" ಇದಕ್ಕೂ ಅದೇ ದಾರಿ. ನಾನು ಪುಸ್ತಕ ತೆರೆದು ತಾರೀಕು ಓದಿದೆ, ಇವರು ವೈದ್ಯರಿಗೆ ಪುನಃ ಓದಿದರು. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಮಾರು ದೂರ. ಕೊನೆಗೆ ವೈದ್ಯರು ಎದ್ದು ನಿಂತು ಇವರ ಕೈ ಕುಲುಕಿದರು.

"ಇಷ್ಟು ಕರೆಕ್ಟ್ ಲೆಕ್ಕ ಈ ಊರಲ್ಲಿ ಯಾರೂ ಕೊಡ್ಲಿಲ್ಲ ಸಾರ್. ನೆನಪು ಅಂದ್ರೆ ಇದು!"

ಹೋಗುವಾಗ ನನ್ನ ಕಡೆಗೂ ತಿರುಗಿ, "ಚಹ ಒಳ್ಳೇದಿತ್ತು ಅಮ್ಮ," ಎಂದರು. ಆ ದಿನ ಚಹ ಮಾಡಿದ್ದು ಸೊಸೆ.

ಮನಸ್ಸಿನ ಕಾಲಂ

ನಮ್ಮ ಕಡೆ ಕಷ್ಟ ಬಂದರೆ ದೈವಕ್ಕೆ ಕೋಳಿ ಹರಕೆ ಹೇಳುವ ಕ್ರಮ. ಒಮ್ಮೆ ಹೇಳಿದ ಮೇಲೆ ಆ ಕೋಳಿ ಮನೆಯದ್ದಲ್ಲ. ಅದನ್ನು ಮಾರುವಂತಿಲ್ಲ, ಸಾರು ಮಾಡುವಂತಿಲ್ಲ, ಕಾಲಿಗೊಂದು ನೂಲು ಕಟ್ಟಿ ಕೋಲ ನಡೆದು ದೈವಕ್ಕೆ ಒಪ್ಪಿಸುವ ದಿನದವರೆಗೆ ಜೋಪಾನ ಮಾಡಬೇಕು. ಕ್ರಮದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಹರಕೆ ಹೇಳುವವರ ಬಗ್ಗೆ. ಮೊಣಗಂಟು ನೋವಾದರೆ ಇವರದ್ದೊಂದು ಹರಕೆ, ಫೋನು ಕಾಣೆಯಾದರೆ ಒಂದು ಹರಕೆ. ಫೋನು ಅಂಗಿಯ ಕಿಸೆಯಲ್ಲೇ ಸಿಕ್ಕಿದರೂ ಹರಕೆ ಹರಕೆಯೇ. ಅದನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಮನಸ್ಸಿನಲ್ಲೇ ಹೇಳಿಕೊಳ್ಳುವುದು.

ಒಂದು ದಿನ ಉಪ್ಪಿನಂಗಡಿಯಿಂದ ನನ್ನ ಮೈದುನ, ಅಂದರೆ ಇವರ ತಮ್ಮ, ಸಂಸಾರ ಸಮೇತ ಊಟಕ್ಕೆ ಬಂದಿದ್ದ. ಕೋಳಿ ಸಾರು, ರೊಟ್ಟಿ ಮಾಡಿದ್ದೆ. ಇವರು ಎರಡು ಸಲ ಹಾಕಿಸಿಕೊಂಡು, ಮೂರನೇ ಸಲ ತೊಡೆಯ ತುಂಡು ಕೈಯಲ್ಲಿ ಹಿಡಿದು ಕೇಳಿದರು: "ಭಾರಿ ರುಚಿ ಉಂಟು. ಇದು ಯಾವ ಕೋಳಿ?"

"ಎಪ್ಪತ್ತೊಂದು ನಂಬರು. ಆ ಕೆಂಪು ಹುಂಜ."

ಇವರ ಕೈ ಅಲ್ಲೇ ನಿಂತಿತು. "ಅಯ್ಯೋ! ಅದು ದೈವದ್ದು ಮಾರಾಯ್ತಿ!"

"ಯಾವಾಗ ಹೇಳಿದ್ದು?"

"ಸುಗ್ಗಿಯಲ್ಲಿ. ಪಂಪು ಸ್ಟಾರ್ಟ್ ಆಗ್ಲಿಲ್ಲ ಅಲ್ವಾ, ಆಗ."

"ನನಗೆ ಹೇಳಿದ್ರಾ?"

"ದೈವಕ್ಕೆ ಹೇಳಿದ ಮೇಲೆ ನಿನಗೆ ಬೇರೆ ಹೇಳ್ಬೇಕಾ?"

ಮೈದುನ ಎಲುಬು ಚೀಪುತ್ತಾ ನಡುವೆ ಬಂದ. "ಅಲ್ಲ ಅತ್ತಿಗೆ, ಇಷ್ಟು ಓದಿದವರು ನೀವು. ಪುಸ್ತಕದಲ್ಲಿ ಒಂದು ಗೆರೆ ಬರೆದಿಡ್ಲಿಕ್ಕೆ ಎಂತ ಆಗಿತ್ತು?"

ತಪ್ಪು ಯಾರದ್ದೆಂದು ಅಲ್ಲಿಗೆ ತೀರ್ಮಾನ ಆಯಿತು. ತಪ್ಪುಕಾಣಿಕೆ ಎಂದು ನನ್ನ ಹಿಂಡಿನಿಂದ ಇನ್ನೆರಡು ಹುಂಜ ಹೋದವು. ಕೈಯಲ್ಲಿದ್ದ ತುಂಡನ್ನು ಮಾತ್ರ, ಬಡಿಸಿದ್ದನ್ನು ಬಿಟ್ಟರೆ ಅದು ಬೇರೆ ದೋಷ ಎಂದು ಇವರು ಪೂರ್ತಿ ಮುಗಿಸಿಯೇ ಎದ್ದರು. ಕೈ ತೊಳೆಯುತ್ತಾ, "ಇದಕ್ಕೇ ಹೇಳುದು ಗಿನಿ ಕೋಳಿ ತರುವ ಅಂತ. ಅದು ಹರಕೆಗೆ ಸಲ್ಲುದಿಲ್ಲ. ಧೈರ್ಯದಲ್ಲಿ ತಿನ್ಬಹುದು," ಎಂದು ತಮ್ಮನಿಗೆ ಹೇಳಿದರು.

ಆ ದಿನದಿಂದ ನನ್ನ ಪುಸ್ತಕದಲ್ಲಿ 'ಯಜಮಾನರ ಮನಸ್ಸಿನಲ್ಲಿರುವುದು' ಎಂದು ಒಂದು ಹೊಸ ಕಾಲಂ ಎಳೆದಿದ್ದೇನೆ. ಇವತ್ತಿನವರೆಗೆ ಅದರಲ್ಲಿ ಏನೂ ಕಂಡುಬಂದಿಲ್ಲ.

ಪುತ್ತೂರಿನ ಮದುವೆ ಊಟ

ಪುತ್ತೂರಿನಲ್ಲೊಂದು ಮದುವೆ. ಊಟಕ್ಕೆ ನಮ್ಮ ಸಾಲು ಇವರ ಸಾಲಿನ ಬೆನ್ನಿಗೇ ಇತ್ತು. ಪಾಯಸ ಬರುವ ಹೊತ್ತಿಗೆ ಇವರ ಸ್ವರ ಏರಿತು.

"ಕಾವಿಗೆ ಕೂತ ಹೇಂಟೆಯನ್ನು ಹದಿನೆಂಟನೇ ದಿನದ ಮೇಲೆ ಮುಟ್ಲಿಕ್ಕೇ ಇಲ್ಲ ಮಾರಾಯ್ರೆ. ನಮ್ಮ ದಾಖಲೆ ಪ್ರಕಾರ ಮುಟ್ಟಿದ ವರ್ಷ ಎಲ್ಲ ಮರಿ ಕಮ್ಮಿ."

"ದಾಖಲೆ ಎಲ್ಲ ಇಟ್ಟಿದ್ದೀರಾ ನೀವು?" ಎಂದು ಯಾರೋ ಬೆರಗಾದರು.

"ಒಂಬತ್ತು ಪುಸ್ತಕ! ಈಗ ಗಿನಿ ಕೋಳಿ ತರುದಾ ಬೇಡ್ವಾ ಅಂತ ಸ್ಟಡಿ ಮಾಡ್ತಾ ಇದ್ದೇನೆ."

ಹಿಂದಿನ ರಾತ್ರಿ ನಾನು ಮಗನ ಹತ್ತಿರ ಹೇಳಿದ್ದನ್ನೆಲ್ಲ ಇವರು ಅಕ್ಷರ ಬಿಡದೆ ಅಲ್ಲಿ ಹೇಳುತ್ತಿದ್ದರು. ಗಿನಿ ಮರಿಗೆ ತಂಡಿ ಆಗದು, ಅದು ಗೂಡು ಬಿಟ್ಟು ಮರ ಹತ್ತಿ ಮಲಗುತ್ತದೆ, ಮೊಟ್ಟೆಯನ್ನು ಪೊದೆಯಲ್ಲಿ ಅಡಗಿಸುತ್ತದೆ, ಎಲ್ಲ ಬಂತು. ಕೇಳುವುದಿಲ್ಲ ಎಂದುಕೊಂಡಿದ್ದೆ, ಮನುಷ್ಯ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ ಎಂದು ಆ ದಿನ ಗೊತ್ತಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಪೂರ್ತಿ ಸರಿಯಲ್ಲ. ಮದ್ದು ಹೌದು, ಸೀಸೆಯ ಮೇಲೆ ಬೇರೆಯವರ ಹೆಸರಿರುತ್ತದೆ, ಅಷ್ಟೆ.

ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು, ನನಗೆ ಪರಿಚಯ ಇಲ್ಲದವರು, ನನ್ನ ಮೊಣಕೈ ಮುಟ್ಟಿ ಕೇಳಿದರು: "ಅವರು ನಿಮ್ಮ ಯಜಮಾನರಾ? ಕೋಳಿ ಬಗ್ಗೆ ಎಷ್ಟು ತಿಳ್ಕೊಂಡಿದ್ದಾರೆ ಮಾರಾಯ್ತಿ!"

"ಹೌದು," ಎಂದೆ.

"ಮನೆಯಲ್ಲೇ ಅಂಥವರು ಇರುವಾಗ ನೀವೂ ಸ್ವಲ್ಪ ಕಲಿತುಕೊಳ್ಬಹುದಲ್ಲ. ಸುಮ್ಮನೆ ಕೂತು ಎಂತ ಮಾಡುದು?"

ಮುತ್ತಿನಂಥ ಅಕ್ಷರ

ಮದುವೆಯಿಂದ ಬಂದು ಒಂದು ವಾರ ಕೂತು ಎರಡು ಪುಟ ಬರೆದೆ. ಎಡಗಡೆ ಗಿನಿ ಕೋಳಿಯಿಂದ ಲಾಭ, ಬಲಗಡೆ ತೊಂದರೆ. ಎಡಗಡೆ ಹಾವು, ಉಣ್ಣಿ, ಕಾವಲು. ಬಲಗಡೆ ಬಹಳ ಇತ್ತು: ಹುಂಜಗಳನ್ನು ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತದೆ, ಆಚೆ ಮನೆಯ ರಬ್ಬರು ತೋಟಕ್ಕೆ ಹೋದರೆ ವಾಪಸು ಬರುವ ಖಾತ್ರಿ ಇಲ್ಲ, ಅಮ್ಮನ ಕೋಳಿಯ ಸಂತತಿಗೆ ಅಪಾಯ. ಕೊನೆಗೆ, 'ಮಳೆಗಾಲ ಮುಗಿಯುವವರೆಗೆ ತರಬಾರದು, ನಂತರ ಯೋಚಿಸುವುದು' ಎಂದು ಬರೆದು ಕೆಳಗೆ ಗೆರೆ ಎಳೆದೆ.

ಆ ಭಾನುವಾರ ಬಂದ ಮೈದುನನ ಕೈಯಲ್ಲಿ ಕೊಟ್ಟೆ. ಕನ್ನಡಕ ಹಾಕಿ ಎರಡೂ ಪುಟ ಓದಿದ. ಒಮ್ಮೆ ತಲೆಯೂ ಆಡಿಸಿದ. ಈ ಮನೆಯಲ್ಲಿ ನಾನು ಬರೆದದ್ದನ್ನು ಒಬ್ಬರು ಕೊನೆಯವರೆಗೆ ಓದಿದ್ದು ಅದೇ ಮೊದಲು. ನನಗೆ ಸ್ವಲ್ಪ ಎದೆ ತುಂಬಿಯೂ ಬಂತು.

"ಅತ್ತಿಗೆ, ಅಕ್ಷರ ಮುತ್ತಿನ ಹಾಗೆ ಉಂಟು," ಎಂದ. ಕಾಗದವನ್ನು ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟ. ಮತ್ತೆ ಕಾರಿನ ಡಿಕ್ಕಿ ತೆಗೆದು, ತೂತು ಮಾಡಿದ ರಟ್ಟಿನ ಪೆಟ್ಟಿಗೆಯನ್ನು ಹೊರಗಿಟ್ಟ. "ನಿನ್ನೆಯೇ ತೆಗೆದಿಟ್ಟಿದ್ದೆ. ಒಳ್ಳೆ ಜೋಡಿ."

ಆಮೇಲೆ ಆ ಎರಡು ಪುಟಗಳನ್ನು ಪೆಟ್ಟಿಗೆಯೊಳಗೆ ತಳಕ್ಕೆ ಹಾಸಿದೆ. ಗಿನಿ ಕೋಳಿಗಳು ತಮ್ಮ ಅಭಿಪ್ರಾಯವನ್ನು ಅದರ ಮೇಲೆಯೇ ಕೊಟ್ಟವು.

ಮೊದಲ ಮೊಟ್ಟೆ

ಹೊಸ ಗಿನಿ ಕೋಳಿಯನ್ನು ಕೂಡಲೇ ಬಿಟ್ಟರೆ ಓಡಿಹೋಗುತ್ತದೆ. ಆರು ವಾರ ಹಳೆಯ ಸೌದೆ ಕೋಣೆಯಲ್ಲಿ ಕೂಡಿಹಾಕಿ ನಾನೇ ಕಾಳು ನೀರು ಕೊಟ್ಟೆ. ಎರಡನೇ ವಾರಕ್ಕೇ ವಿಷಯ ಗೊತ್ತಾಯಿತು. ಗಿನಿ ಹೆಣ್ಣು ಕೂಗುವುದು ಎರಡು ಸ್ವರದಲ್ಲಿ, ಒಂದು ಇಳಿಸಿ ಒಂದು ಏರಿಸಿ. ಗಂಡಿಗೆ ಇರುವುದು ಒಂದೇ ಸ್ವರ, ಅದನ್ನೇ ದಿನವಿಡೀ ಕುಟ್ಟುತ್ತಾ ಇರುತ್ತದೆ. ಇವೆರಡೂ ಕುಟ್ಟುತ್ತಿದ್ದವು.

"ಎರಡೂ ಗಂಡು," ಎಂದೆ.

"ತಮ್ಮ ಜೋಡಿ ಅಂತ ಹೇಳಿದ್ದಾನೆ," ಎಂದರು ಇವರು. "ನೀನೆಂತ ಕಾಲೇಜಲ್ಲಿ ಕೋಳಿ ಭಾಷೆ ಕಲ್ತದ್ದಾ?"

ನಾಲ್ಕನೇ ವಾರ ಒಂದು ಬೆಳಿಗ್ಗೆ ಇವರು ಮೆಟ್ಟಿಲಿನಲ್ಲಿ ನಿಂತೇ ಸಂಭ್ರಮದಲ್ಲಿ ಕೂಗಿದರು. ಸೌದೆ ಕೋಣೆಯ ಬಲೆ ಹೊಡೆದ ಕಿಟಕಿಯಾಚೆ ಮೂಲೆಯಲ್ಲಿ ಒಂದು ಮೊಟ್ಟೆ! ರಾಮಕುಂಜದ ಶಾಲೆಗೆ ಪಾಠ ಮಾಡಲು ಹೊರಟಿದ್ದ ಸೊಸೆಯನ್ನು ತಡೆದು, ಮೊಟ್ಟೆ ತರಿಸಿ, ಅಂಗೈಯಲ್ಲಿಟ್ಟು ಫೋಟೋ ತೆಗೆಸಿಕೊಂಡರು. 'ನಮ್ಮ ಮೊದಲ ಗಿನಿ ಮೊಟ್ಟೆ' ಎಂದು ಕುಟುಂಬದ ಗ್ರೂಪಿಗೆ ಹೋಯಿತು. ಕೈಮುಗಿದ ಚಿತ್ರಗಳು, ಹೂಗುಚ್ಛಗಳು ಬಂದವು.

ನಾನು ಮೊಟ್ಟೆ ನೋಡಿದೆ. ಉದ್ದ, ನಸು ಬಿಳಿ, ದಪ್ಪ ತುದಿಯಲ್ಲಿ ಒಂದು ಕಂದು ಚುಕ್ಕೆ. "ಇದು ಎಂಬತ್ತೆಂಟು ನಂಬರಿನದ್ದು," ಎಂದೆ.

"ಎಂತ ಮಾತಾಡ್ತಿ? ಬೀಗ ಹಾಕಿದ ಕೋಣೆಗೆ ನಿನ್ನ ಎಂಬತ್ತೆಂಟು ಹೇಗೆ ಹೋಗುದು?"

ನಾನು ಉತ್ತರ ಕೊಡಬೇಕಾಗಿ ಬರಲಿಲ್ಲ. ಅಷ್ಟು ಹೊತ್ತು ಸೌದೆಯ ಹಿಂದೆ ಅಡಗಿತ್ತೋ ಏನೋ, ಬಾಗಿಲಿನ ಅಡಿಯ ಸಂದಿಯಿಂದ ಮೊದಲು ಒಂದು ತಲೆ, ಆಮೇಲೆ ಕುತ್ತಿಗೆ, ಆಮೇಲೆ ಹೊಟ್ಟೆ ಹಿಂಡಿಕೊಂಡು ಎಂಬತ್ತೆಂಟು ಹೊರಗೆ ಬಂತು. ಮೈ ಕೊಡವಿ, ನಮ್ಮ ಎದುರೇ ನಿಂತು ಕೊಕ್ಕೊಕ್ಕೋ ಎಂದು ಸಾರಿತು.

ಇವರು ಮೊಟ್ಟೆಯನ್ನು ಸೊಸೆಯ ಕೈಗೆ ದಾಟಿಸಿದರು. "ಹಾಂ," ಎಂದರು. "ಆದ್ರೆ ಒಂದು ನೋಡು. ಒಳಗೆ ಗಿನಿ ಕೋಳಿ ಉಂಟಲ್ಲ, ಆ ಧೈರ್ಯಕ್ಕೇ ಅದು ಅಲ್ಲಿ ಇಟ್ಟದ್ದು."

ಗ್ರೂಪಿನಲ್ಲಿ ಅದು ಇವತ್ತಿಗೂ ಗಿನಿ ಮೊಟ್ಟೆಯೇ. ಇಟ್ಟವಳಿಗೆ ಹೂಗುಚ್ಛ ಇಲ್ಲ. ಎಂಬತ್ತೆಂಟಕ್ಕೂ ನನಗೂ ಅಂದಿನಿಂದ ಒಂದು ಸಲಿಗೆ.

ತೀರ್ಮಾನದ ಭಾನುವಾರ

ಆರು ವಾರ ಕಳೆದು ಹಿತ್ತಿಲಿಗೆ ಬಿಟ್ಟೆ. ಮೂರೇ ದಿನದಲ್ಲಿ ಅವು ನನ್ನ ಹಿರಿಯ ಹುಂಜದ ಬಾಲ ಕಿತ್ತು ಬೋಳು ಮಾಡಿದವು. ಸಾಕಾಯಿತು. ಒಂಬತ್ತನೇ ಪುಸ್ತಕದಲ್ಲಿ 'ಗಿನಿ ಕೋಳಿ: ಬೇಡ' ಎಂದು ಪೆನ್ಸಿಲಿನಲ್ಲಿ ಬರೆದೆ. ಶಾಯಿಯಲ್ಲಿ ಬರೆಯುವ ಮೊದಲು ಮನೆಯವರಿಗೆ ಹೇಳೋಣ ಎಂದು ಚಾವಡಿಗೆ ಬಂದರೆ, ಇವರು ಫೋನಿನಲ್ಲಿದ್ದರು. ಬರುವ ಭಾನುವಾರ ಎಲ್ಲರೂ ಕೂತು ಗಿನಿ ಕೋಳಿಯ ಬಗ್ಗೆ ತೀರ್ಮಾನ ಮಾಡುವುದಂತೆ. ಇನ್ನೂ ಹತ್ತು ತರಬೇಕೆಂದು ಇವರ ಆಲೋಚನೆ. ಎಲ್ಲರೂ ಅಂದರೆ ಮೈದುನ, ಮಗ, ಪಶುವೈದ್ಯರು. ನನಗೆ ಹೇಳಿದ್ದು, "ಆರು ಜನಕ್ಕೆ ಊಟ ಉಂಟು," ಎಂದು.

ಭಾನುವಾರ ಹಿತ್ತಿಲ ಜಗಲಿಯಲ್ಲಿ ಕುರ್ಚಿ ಹಾಕಿ ಸಭೆ ಕೂತಿತು. ನಾನು ಅಡುಗೆಮನೆಯ ಬಾಗಿಲಲ್ಲಿ, ಸೊಂಟಕ್ಕೆ ಪುಸ್ತಕ ಒತ್ತಿಕೊಂಡು ನಿಂತೆ. ಮೈದುನ ಮುಖ ತೊಳೆಯಲೆಂದು ಹಿತ್ತಿಲಿನ ಅಂಗಳಕ್ಕಿಳಿದ. ಗಿನಿ ಕೋಳಿಗಳು ತಗಡಿಗೆ ಕಲ್ಲು ಉಜ್ಜಿದ ಹಾಗೆ ಕಿರುಚಿದವು. ವೈದ್ಯರು ಇಳಿದರು, ಪುನಃ ಕಿರುಚಿದವು.

"ನೋಡಿದ್ರಾ?" ಎಂದರು ಇವರು. "ಹೊರಗಿನವರು ಯಾರು, ಮನೆಯವರು ಯಾರು ಅಂತ ಇದಕ್ಕೆ ಗೊತ್ತುಂಟು. ಮೋಸ ಮಾಡ್ಲಿಕ್ಕೆ ಆಗುದಿಲ್ಲ."

ಅಷ್ಟರಲ್ಲಿ ಸೊಸೆ ಒಗೆದ ಬಟ್ಟೆ ಹರಡಲು ನಡುವಿನಿಂದಲೇ ಹಾದುಹೋದಳು. ಒಂದು ಸ್ವರ ಇಲ್ಲ. ದಿನವೂ ಹಿತ್ತಿಲ ಬಾಗಿಲಿಗೇ ಬರುವ ಮೀನಿನವನು ಸ್ಕೂಟರ್ ನಿಲ್ಲಿಸಿ ಬುಟ್ಟಿ ಹಿಡಿದು ಬಂದ. ಅವನ ಹಿಂದೆಯೇ ಎರಡೂ ಸಾಲಾಗಿ ನಡೆದವು.

"ದಿನಾ ನೋಡುವ ಮುಖ ಅಲ್ವಾ," ಎಂದು ವಿವರಿಸಿದರು ಇವರು. "ಈಗ ಮನೆಯ ಯಜಮಾನ ಇಳಿದರೆ ಹೇಗೆ ಅಂತ ನೋಡಿ." ಬಿಳಿ ಪಂಚೆ ಎತ್ತಿ ಕಟ್ಟಿ, ಒಂದು ಮುಷ್ಟಿ ಅಕ್ಕಿ ಹಿಡಿದು, ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಮೆಟ್ಟಿಲಿಳಿದು ಹಿತ್ತಿಲಿಗೆ ಕಾಲಿಟ್ಟರು.

ಮೈದುನನಿಗೆ ಕೂಗಿದ್ದು ಏನೂ ಅಲ್ಲ. ಎರಡೂ ಕತ್ತು ಉದ್ದ ಮಾಡಿ, ರೆಕ್ಕೆ ಬಿಚ್ಚಿ, ಹೆಬ್ಬಾವು ಬಂದರೂ ಹೀಗೆ ಕೂಗಲಾರವು ಎಂಬಂತೆ ಕೂಗಿದವು. ಹೇಂಟೆಗಳು ಮರಿಗಳನ್ನು ಕರೆದುಕೊಂಡು ಪೊದೆ ಸೇರಿದವು. ಇವರು ಹಿಂದೆ ಸರಿದು ಮೆಟ್ಟಿಲು ಹತ್ತಿದರು. ನಿಶ್ಶಬ್ದ. ಇಳಿದರು. ಕಿರುಚಾಟ. ಹತ್ತಿದರು. ನಿಶ್ಶಬ್ದ.

"ಪಂಚೆ ಹೊಸದಲ್ವಾ, ಅದಕ್ಕೆ," ಎಂದ ಮೈದುನ. ಮೀನಿನವನು ಬುಟ್ಟಿ ಇಳಿಸಿ ಕೇಳಿದ: "ಅಕ್ಕ, ಇವರು ಎಲ್ಲಿಂದ ಬಂದದ್ದು?"

ಇವರು ಅಕ್ಕಿಯನ್ನು ಮೆಟ್ಟಿಲ ಮೇಲೇ ಚೆಲ್ಲಿ ಕುರ್ಚಿಗೆ ಬಂದು ಕೂತರು. "ಬುದ್ಧಿ ಇಲ್ಲದ ಜಾತಿ. ನಾಳೆಯೇ ವಾಪಸ್ ಕೊಡುವ," ಎಂದರು. ಮೈದುನನೂ ಹೌದೆಂದ, ಮಗನೂ ಹೌದೆಂದ. ಜೀವನದಲ್ಲಿ ಮೊದಲ ಸಲ ಇಡೀ ಕುಟುಂಬ ನನ್ನ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳುತ್ತಿತ್ತು.

ನಾನು ಬಾಗಿಲಿನಿಂದ ಬಂದು, ಎಲ್ಲರನ್ನೂ ದಾಟಿ, ಮೆಟ್ಟಿಲಿಳಿದು ಅಂಗಳದ ನಡುವೆ ನಿಂತೆ. ಗಿನಿ ಕೋಳಿಗಳು ನನ್ನ ಕಾಲಿನ ಹತ್ತಿರ ಬಂದು ಮಣ್ಣು ಕೆದಕತೊಡಗಿದವು. ಅಲ್ಲೇ ನಿಂತು ಪುಸ್ತಕ ತೆರೆದು, ಪೆನ್ಸಿಲಿನ 'ಬೇಡ'ವನ್ನು ಉಜ್ಜಿ ಅಳಿಸಿ, ಶಾಯಿಯಲ್ಲಿ 'ಇರಲಿ' ಎಂದು ಬರೆದೆ.

ವೈದ್ಯರು ರಿಜಿಸ್ಟರ್ ತೆಗೆದು ಅಭ್ಯಾಸಬಲದಿಂದ ಇವರ ಕಡೆ ತಿರುಗಿದರು. "ಹಾಗಾದ್ರೆ ಸಾರ್, ಗಿನಿ ಕೋಳಿ ಎಷ್ಟು ಅಂತ ಬರೀಲಿ?"

ಇವರು ಉತ್ತರಕ್ಕೆಂದು ಕುರ್ಚಿಯಿಂದೆದ್ದು ನನ್ನ ಕಡೆ ಬಗ್ಗಿ, ಒಂದು ಕಾಲು ಮೆಟ್ಟಿಲಿನ ಕೆಳಗಿಟ್ಟರು. ಕಿರುಚಾಟದಲ್ಲಿ ಅವರ ಪ್ರಶ್ನೆ ಯಾರಿಗೂ ಕೇಳಲಿಲ್ಲ. ವೈದ್ಯರು ಕಿವಿ ಮುಚ್ಚಿಕೊಂಡು, ಬೇರೆ ದಾರಿ ಕಾಣದೆ, ಅಂಗಳಕ್ಕಿಳಿದು ನೆಟ್ಟಗೆ ನನ್ನ ಹತ್ತಿರವೇ ಬಂದರು.

"ಎಷ್ಟಮ್ಮ?"

"ಎರಡು. ಎರಡೂ ಗಂಡು. ಎರಡು ಹೆಣ್ಣು ತರಿಸ್ತೇನೆ. ಹೆಣ್ಣು ಬಂದರೆ ಗಂಡಿನ ಜೋರು ಕಮ್ಮಿ ಆಗ್ತದಂತೆ. ಕೋಳಿ ಸಾಕಣೆಯ ಪುಸ್ತಕದಲ್ಲಿ ಹಾಗೆ ಉಂಟು, ನಾನು ಕಂಡದ್ದಿಲ್ಲ."

ಅವರು ಬರೆದುಕೊಂಡರು. ಆ ಸಂಜೆ ನಾನೂ ಒಂಬತ್ತನೇ ಪುಸ್ತಕದಲ್ಲಿ, 'ಇರಲಿ'ಯ ಮುಂದೆ ಕಾರಣ ಬರೆಯುವ ಜಾಗದಲ್ಲಿ ತುಂಬಿಸಿದೆ: 'ಹಿತ್ತಿಲಿಗೆ ಅಪರಿಚಿತರು ಬಂದರೆ ತಪ್ಪದೆ ಕೂಗುತ್ತವೆ. ಮನೆಯವರ ಸಮ್ಮುಖದಲ್ಲಿ ಮೂರು ಸಲ ಪರೀಕ್ಷಿಸಿ ನೋಡಲಾಗಿದೆ.'